ವಿಟ್ ಎಂಬ ಆಂಗ್ಲ ಶಬ್ದ : ಅದರ ಮೂಲ, ಅರ್ಥ, ಪ್ರಯೋಗ

ಇಂಗ್ಲಿಷು ಭಾಷೆಯಲ್ಲಿ ಅಲ್ಪಪರಿಮಾಣವನ್ನು ಸೂಚಿಸುವ ಶಬ್ದಗಳು ಬಹಳವಾಗಿರುವುವು. ಅವುಗಳಲ್ಲಿ ಗ್ರೇನ್ ಎಂಬುದು ಧಾನ್ಯದ ಕಾಳಿನಿಂದ ಹುಟ್ಟಿದುದು. ಮೈಟ್ ಎಂಬುದು ಒಂದು ಕಿರುನಾಣ್ಯದ ಹೆಸರು. ಬಿಟ್ ಎಂಬುದು ಕಚ್ಚಿ ತೆಗೆದ ತುತ್ತು. ಜಾಟ್ ಎಂಬುದು ಗ್ರೀಕರ ವರ್ಣಮಾಲೆಯಲ್ಲಿ ಅತ್ಯಂತ ಚಿಕ್ಕದಾದ ಅಯೋಟ ಎಂಬ ಅಕ್ಷರದಿಂದ ಬಂದುದು. ಇವೆಲ್ಲವುಗಳ ಮೂಲವಸ್ತು ಕಣ್ಣಿಗೆ ಕಾಣುವಂಥದು. ಆದುದರಿಂದ ಅರ್ಥವೂ ಸುಲಭವಾಗಿ ತಿಳಿಯುವುದು. ಡಬ್ಲ್ಯು, ಎಚ್, ಐ, ಟಿ ಎಂಬ ನಾಲ್ಕು ಅಕ್ಷರಗಳಿಂದ ಬರೆಯುವ ವಿಟ್ ಎಂಬ ಶಬ್ದವು ಮಾತ್ರ ಹಾಗಲ್ಲ. ನಿಘಂಟುಗಳು ಅದಕ್ಕೆ ಕಣ, ಲೇಶ, ಅತ್ಯಲ್ಪಭಾಗ ಎಂದು ಅರ್ಥ ಕೊಡುವುವು. ಆದರೆ ಯಾವುದರ ಕಣ, ಯಾವುದರ ಲೇಶ ಎಂದು ಕೇಳಿದರೆ ಉತ್ತರ ದೊರೆಯುವುದಿಲ್ಲ.

ಈ ಶಬ್ದವನ್ನು ಕುರಿತು ಬರೆಯಬೇಕೆಂದು ನನಗೆ ತೋರಿದುದು ಒಂದು ಸಣ್ಣ ಪ್ರಸಂಗದಿಂದ. ತರಗತಿಯಲ್ಲಿ ಷೇಕ್ಸ್‌ಪಿಯರನ ನಾಟಕವನ್ನು ಪಾಠ ಹೇಳುತ್ತಿದ್ದಾಗ ಈ ಶಬ್ದಕ್ಕೆ "ಸ್ವಲ್ಪ" ಎಂದು ಅರ್ಥ ಬರೆಯಿಸಿ ಮುಂದಕ್ಕೆ ಹೋದೆನು. ಮರುವಾರ ವಿದ್ಯಾರ್ಥಿಯೊಬ್ಬನು ತನ್ನ ಪ್ರಬಂಧದಲ್ಲಿ, ಅಡುಗೆಯವನು ಸಾರಿಗೆ ಒಂದು ವಿಟ್ ಉಪ್ಪು ಹಾಕಿದನೆಂದು ಬರೆದು ತಂದನು. ವ್ಯಾಕರಣದೃಷ್ಟಿಯಿಂದ ಆ ವಾಕ್ಯದಲ್ಲಿ ದೋಷವಿರಲಿಲ್ಲ. ಆದರೂ ಇಂಗ್ಲಿಷನ್ನು ಹುಟ್ಟಿನಿಂದ ಆಡುವವನಾರೂ ಹಾಗೆ ಹೇಳನು. ನಾನು ಕೆಂಪು ಗೀಟೆಳೆದೆನು. ಹುಡುಗನು, ತಾವೇ ಸ್ವಲ್ಪ ಎಂದು ಅರ್ಥ ಹೇಳಿದಿರಲ್ಲ, ಸ್ವಲ್ಪ ಉಪ್ಪು ಎನ್ನಬಾರದೆ, ಎಂದು ಕೇಳಿದನು. ಆಗ ನನ್ನಲ್ಲಿ ಸಮರ್ಪಕವಾದ ಉತ್ತರವಿರಲಿಲ್ಲ. ತಪ್ಪು ಅವನದಲ್ಲ, ಅರ್ಥ ಹೇಳಿಕೊಟ್ಟ ನನ್ನದು ಎಂಬುದು ಶಬ್ದದ ಚರಿತ್ರೆಯನ್ನು ನೋಡಿದ ಮೇಲೆ ಸ್ಪಷ್ಟವಾಯಿತು.

ಈ ಶಬ್ದದ ಹಳೆಯ ರೂಪವು ಪ್ರಾಚೀನ ಇಂಗ್ಲಿಷಿನ ವಿಹ್ಟ್ ಎಂಬುದು. ನಡುವಣ ಹಕಾರವು ಇಂದಿನ ಇಂಗ್ಲಿಷಿನ ಹಕಾರದಂತೆ ಬರಿಯ ಉಸಿರಲ್ಲ; ನಮ್ಮ ವೈಯಾಕರಣರ ಜಿಹ್ವಾಮೂಲೀಯಕ್ಕೆ ಸಮೀಪವಾದ, ಬಾಯಿಯ ಒಳಗಡೆ ಒರಸಿ ಹೊರಡುವ ಧ್ವನಿ. ಆ ಕಾಲದಲ್ಲಿ ವಿಹ್ಟ್ ಎಂದರೆ ಅಲ್ಪವೆಂದಾಗಲಿ ಕಣವೆಂದಾಗಲಿ ಅರ್ಥವಿರಲಿಲ್ಲ. ಪ್ರಾಣಿ, ಜೀವಿ, ಇರುವಂಥ ಒಂದು ವಸ್ತು ಎಂಬುದೇ ಅದರ ಅರ್ಥ. ಹತ್ತನೆಯ ಶತಮಾನದ ಎಕ್ಸೆಟರ್ ಹಸ್ತಪ್ರತಿಯಲ್ಲಿ ಪದ್ಯರೂಪದ ಒಗಟುಗಳು ಹಲವು ಉಳಿದುಬಂದಿವೆ. ಅವುಗಳಲ್ಲಿ ಒಗಟಿನ ವಸ್ತುವು ತಾನೇ ಮಾತನಾಡುತ್ತ, ತಾನೊಂದು ವಿಚಿತ್ರವಾದ ವಿಹ್ಟ್ ಎಂದು ಪರಿಚಯ ಹೇಳಿಕೊಳ್ಳುವುದುಂಟು. ಬಿಡಿಸಿದಾಗ ಆ ವಿಹ್ಟ್ ಈರುಳ್ಳಿಯಾಗಿ ಹೊರಬೀಳುವುದು. ಜೀವವಿದ್ದುದೋ ಇಲ್ಲದುದೋ ಎಂಬುದನ್ನು ಕೇಳುವವನಿಗೆ ಬಿಟ್ಟುಕೊಡದೆ ಮರೆಮಾಡುವುದಕ್ಕೆ ಈ ಶಬ್ದವು ಬಹು ಅನುಕೂಲವಾಗಿದ್ದಿತು.

ಸಹೋದರಭಾಷೆಗಳಲ್ಲಿಯೂ ಇದರ ಬಳಗವಿದೆ. ನಾಲ್ಕನೆಯ ಶತಮಾನದಲ್ಲಿ ವುಲ್ಫಿಲನು ಗಾಥಿಕ್ ಭಾಷೆಗೆ ಮಾಡಿದ ಬೈಬಲ್ ಭಾಷಾಂತರದಲ್ಲಿ ವೆಹ್ಟ್ಸ್ ಎಂದರೆ ವಸ್ತು. ಪ್ರಾಚೀನ ನಾರ್ಸ್ ಭಾಷೆಯಲ್ಲಿ ವೆಟ್ಟರ್ ಎಂಬುದು ದೈವ, ಭೂತ ಎಂಬ ಅರ್ಥವನ್ನು ಪಡೆದಿತು. ಐಸ್ಲೆಂಡ್ ದೇಶದ ರಾಜ್ಯಲಾಂಛನದಲ್ಲಿ ನಿಂತಿರುವ ನಾಲ್ವರು ಭೂಮಿರಕ್ಷಕರ ಹೆಸರಿನಲ್ಲಿ ಈ ಪದವೇ ಇದೆ. ಜರ್ಮನಿನಲ್ಲಿ ವಿಖ್ಟ್ ಎಂದರೆ ಕುಳ್ಳ, ಬಡಪ್ರಾಣಿ, ಅಥವಾ ತುಂಟ. ಕೆಟ್ಟ ಎಂಬ ವಿಶೇಷಣ ಸೇರಿದರೆ ಖಳನಾಯಕ. ಡಚ್ಚರಲ್ಲಿ ಅದು ಚಿಕ್ಕ ಮಗು. ಇಂಗ್ಲಿಷಿನಲ್ಲಿ ಪ್ರಾಣಿ ಎಂಬ ಅರ್ಥವು ವೈಟ್ ಎಂಬ ರೂಪದಲ್ಲಿ ಮುಂದುವರಿಯಿತು. ಸ್ಪೆನ್ಸರನ ಕಾವ್ಯವನ್ನು ಓದಿದವರಿಗೆ ಇದು ಪರಿಚಿತ. ೧೯೫೪ರಲ್ಲಿ ಟಾಲ್ಕೀನನು ಸಮಾಧಿದಿಣ್ಣೆಗಳ ಪ್ರೇತಗಳಿಗೆ ಈ ಹೆಸರನ್ನಿಟ್ಟುದರಿಂದ, ಕಥೆಗಳನ್ನೋದುವ ಹೊಸ ತಲೆಮಾರಿಗೂ ಅದು ಮತ್ತೆ ಪರಿಚಯವಾಗಿದೆ. ಆದರೆ ಅವರಿಗೆ ಅದು ಪ್ರೇತವೆಂದೇ ತಿಳಿದಿರುವುದು.

ಇನ್ನು ಮುಖ್ಯವಾದ ಪ್ರಶ್ನೆ. ಪ್ರಾಣಿ ಎಂದರ್ಥವಿದ್ದ ಶಬ್ದಕ್ಕೆ ಅತ್ಯಲ್ಪವೆಂಬ ಅರ್ಥ ಬಂದುದು ಹೇಗೆ? ಇದಕ್ಕೆ ಉತ್ತರ ಹುಡುಕಲು ಇಂಗ್ಲೆಂಡಿನವರೆಗೆ ಹೋಗಬೇಕಾದುದಿಲ್ಲ. "ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ" ಎಂದು ನಾವು ದಿನವೂ ಹೇಳುವೆವು. ಪಿಳ್ಳೆ ಎಂದರೆ ಮಗು, ನರಪಿಳ್ಳೆ ಎಂದರೆ ಮನುಷ್ಯರ ಮರಿ. ಆದರೆ ಈ ವಾಕ್ಯದಲ್ಲಿ ಮಗುವಿನ ಪ್ರಸ್ತಾಪವೇ ಇಲ್ಲ. ಜನರ ಪರಿಮಾಣದಲ್ಲಿ ಅತ್ಯಂತ ಕನಿಷ್ಠವಾದುದನ್ನು ಹೆಸರಿಸಿ, ಅದೂ ಇಲ್ಲವೆಂದು ಹೇಳಿ, ಇಲ್ಲವೆಂಬುದನ್ನು ಪೂರ್ಣಮಾಡಿದಂತಾಯಿತು. ಪ್ರಾಚೀನ ಇಂಗ್ಲಿಷಿನವರೂ ಹೀಗೆಯೇ ಮಾಡಿದರು. ಅವರ ನಿಜವಾದ ನಿಷೇಧಾವ್ಯಯವು ನೆ ಎಂಬ ಒಂದೇ ಕಿರುಸ್ವರದ ಶಬ್ದ. ಸಂಸ್ಕೃತದ ನ ಎಂಬುದಕ್ಕೆ ನೇರವಾದ ಜ್ಞಾತಿ. ಅದನ್ನು ಕ್ರಿಯಾಪದದ ಹಿಂದೆ ಇಡುವರು. ಅದಕ್ಕೆ ಬಲ ಸಾಲದೆಂದು ತೋರಿದಾಗ, ಒಂದು ವಿಹ್ಟೂ ಇಲ್ಲ, ಎಂದೆಂದಿಗೂ ಒಂದು ವಿಹ್ಟೂ ಇಲ್ಲ ಎನ್ನುವರು. ಎಂದೆಂದಿಗೂ ಎಂಬರ್ಥದ ಆ ಎಂಬ ದೀರ್ಘಸ್ವರವು ವಿಹ್ಟ್ ಎಂಬುದರೊಡನೆ ಕೂಡಿ ಆವಿಹ್ಟ್, ಎಂದರೆ ಏನಾದರೂ, ಎಂದಾಯಿತು. ಅದರ ಹಿಂದೆ ನೆ ಸೇರಿ ನಾವಿಹ್ಟ್, ಎಂದರೆ ಏನೂ ಇಲ್ಲ, ಎಂದಾಯಿತು.

ನಾವಿಹ್ಟ್ ಎಂಬ ಈ ಸಮಸ್ತಪದದ ಮುಂದಿನ ಚರಿತ್ರೆಯನ್ನು ಗಮನಿಸಬೇಕು. ಒತ್ತಿ ನುಡಿದಲ್ಲಿ ಅದು ನಾಟ್ ಎಂಬ ದೀರ್ಘರೂಪವಾಗಿ, ಶೂನ್ಯ, ಸೊನ್ನೆ ಎಂಬರ್ಥದಲ್ಲಿ ನಿಂತಿತು. ಅದರ ಬರವಣಿಗೆಯಲ್ಲಿ ಇಂದಿಗೂ ಕಾಣುವ, ಆದರೆ ನುಡಿಯಲ್ಲಿ ಕೇಳಿಸದ ಜಿ, ಎಚ್ ಎಂಬ ಎರಡಕ್ಷರಗಳು ವಿಹ್ಟ್ ಎಂಬುದರ ನಡುವಣ ಹಕಾರದ ಸಮಾಧಿಶಿಲೆಗಳು. ಒತ್ತಿಲ್ಲದೆ ವೇಗವಾಗಿ ನುಡಿದಲ್ಲಿ ಅದೇ ಪದವು ಸವೆದು, ನಾವೆಲ್ಲರೂ ಇಂಗ್ಲಿಷಿನ ಮೊದಲನೆಯ ಪಾಠದಲ್ಲಿಯೇ ಕಲಿಯುವ ನಾಟ್ ಎಂಬ ಹ್ರಸ್ವವಾದ ನಿಷೇಧಾವ್ಯಯವಾಯಿತು. ಎಂದರೆ, ಇಂಗ್ಲಿಷಿನ ನಾಟ್ ಎಂಬುದು ಹುಟ್ಟಿನಿಂದ ಅವ್ಯಯವಲ್ಲ. ಅದು "ಎಂದೂ ಒಂದು ಪ್ರಾಣಿಯೂ ಇಲ್ಲ" ಎಂಬ ಒಂದು ವಾಕ್ಯಖಂಡವೇ ಸವೆದು ಉಳಿದ ರೂಪ. ಜರ್ಮನರ ನಿಖ್ಟ್, ಡಚ್ಚರ ನೀಟ್ ಎಂಬುವುಗಳೂ ಇದೇ ರೀತಿಯಲ್ಲಿ ಇದೇ ಶಬ್ದದಿಂದ ಆದುವು.

ಸವೆತವು ಅಲ್ಲಿಗೂ ನಿಲ್ಲಲಿಲ್ಲ. ಡೋಂಟ್, ಕಾಂಟ್ ಎಂಬ ರೂಪಗಳಲ್ಲಿ ನಾಟ್ ಎಂಬುದರ ಸ್ವರವೂ ಹೋಗಿ ಎರಡು ವ್ಯಂಜನಗಳು ಮಾತ್ರ ಉಳಿದಿವೆ. ಅವುಗಳಲ್ಲಿ ನಕಾರವು ಪ್ರಾಚೀನವಾದ ನೆ; ಟಕಾರವು ವಿಹ್ಟ್ ಎಂಬುದರ ಕೊನೆಯ ಟಕಾರ. ವಿಟ್ ಎಂಬ ಶಬ್ದದ ಕೊನೆಯಲ್ಲಿರುವ ಟಕಾರವೂ ಡೋಂಟ್ ಎಂಬುದರ ಕೊನೆಯಲ್ಲಿರುವ ಟಕಾರವೂ ಹೀಗೆ ಒಂದೇ. ಭಾಷಾಶಾಸ್ತ್ರದಲ್ಲಿ ಇಷ್ಟು ಅಚ್ಚುಕಟ್ಟಾದ ಕುರುಹುಗಳು ಅಪರೂಪವಾಗಿ ದೊರೆಯುವುವಾದುದರಿಂದ ಇದನ್ನು ವಿಸ್ತರಿಸಿ ಹೇಳಿದೆನು.

ಡೇನಿಷ್ ವಿದ್ವಾಂಸನಾದ ಆಟೊ ಯೆಸ್ಪರ್ಸನ್ ೧೯೧೭ರಲ್ಲಿ ನಿಷೇಧವನ್ನು ಕುರಿತು ಬರೆದ ಗ್ರಂಥದಲ್ಲಿ ಈ ಕ್ರಮವನ್ನು ಅನೇಕ ಭಾಷೆಗಳಲ್ಲಿ ತೋರಿಸಿದನು. ನಿಷೇಧಾವ್ಯಯವು ಒತ್ತಿಲ್ಲದೆ ಸವೆದು ದುರ್ಬಲವಾಗುವುದು. ಬಲ ಬರಲೆಂದು ಪಕ್ಕದಲ್ಲಿ ಅಲ್ಪಾರ್ಥದ ಒಂದು ಶಬ್ದವನ್ನಿಡುವರು. ಕೆಲವು ಕಾಲದ ಮೇಲೆ ಆ ಸಹಾಯಕಶಬ್ದವಿಲ್ಲದೆ ನಿಷೇಧವೇ ಪೂರ್ಣವಾಗದೆಂದು ತೋರುವುದು. ಕೊನೆಗೆ ಮೂಲ ಅವ್ಯಯವು ಬಿದ್ದುಹೋಗಿ, ಸಹಾಯಕ್ಕೆ ಬಂದುದೇ ಯಜಮಾನನಾಗುವುದು. ೧೯೭೯ರಲ್ಲಿ ಸ್ವೀಡನ್ನಿನ ಎಸ್ಟೆನ್ ಡಾಲ್ ಎಂಬ ಭಾಷಾಶಾಸ್ತ್ರಜ್ಞನು ಇದಕ್ಕೆ ಯೆಸ್ಪರ್ಸನ್ನನ ಚಕ್ರವೆಂದು ಹೆಸರಿಟ್ಟನು. ಫ್ರೆಂಚ್ ಭಾಷೆಯು ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಅಲ್ಲಿ ಪಾ ಎಂದರೆ ಹೆಜ್ಜೆ. "ಒಂದು ಹೆಜ್ಜೆಯೂ ನಡೆಯೆನು" ಎಂಬಲ್ಲಿ ಅದು ಸಾರ್ಥಕವಾಗಿದ್ದಿತು. ಬರಬರುತ್ತ ತಿನ್ನುವುದಕ್ಕೂ ತಿಳಿಯುವುದಕ್ಕೂ ಪಾ ಸೇರಿತು. ಈಗಿನ ಆಡುಮಾತಿನಲ್ಲಿ ಹಳೆಯ ನೆ ಬಿಟ್ಟುಹೋಗಿ ಹೆಜ್ಜೆಯೊಂದೇ ಇಲ್ಲವೆಂಬರ್ಥವನ್ನು ಹೊತ್ತು ನಿಂತಿದೆ. ರೊಟ್ಟಿಯ ಪುಡಿ ಎಂಬರ್ಥದ ಮೀ, ಹನಿ ಎಂಬರ್ಥದ ಗೂಟ್ ಎಂಬುವೂ ಒಂದು ಕಾಲದಲ್ಲಿ ಪಾ ಎಂಬುದರೊಡನೆ ಸ್ಪರ್ಧಿಸಿದುವು. ಲ್ಯಾಟಿನ್ನಿನ ನಿಹಿಲ್ ಎಂಬುದೂ ನೆ ಮತ್ತು ಹೀಲುಂ ಎಂಬೆರಡರ ಕೂಟ. ಹೀಲುಂ ಎಂದರೆ ಕ್ಷುಲ್ಲಕವಾದ ವಸ್ತು. ಅವರೆಯ ಕಾಳಿಗೆ ಅಂಟಿಕೊಂಡಿರುವ ಚೂರು ಎಂದು ಪ್ರಾಚೀನರು ಅದನ್ನು ವಿವರಿಸಿದ್ದಾರೆ. ಸಸ್ಯಶಾಸ್ತ್ರಜ್ಞರು ಬೀಜದ ಮೇಲಿನ ಮಚ್ಚೆಯನ್ನು ಇಂದಿಗೂ ಆ ಹೆಸರಿನಿಂದಲೇ ಕರೆಯುವರು.

ಇಷ್ಟನ್ನು ತಿಳಿದ ಮೇಲೆ ನಮ್ಮ ಶಬ್ದಕ್ಕೆ ಹಿಂದಿರುಗಬಹುದು. ನಾವಿಹ್ಟ್ ಎಂಬುದು ನಾಟ್ ಎಂದು ಸವೆದು ತನ್ನೊಳಗಣ ಪ್ರಾಣಿಯನ್ನು ಮರೆತ ಮೇಲೆ ನಿಷೇಧಕ್ಕೆ ಮತ್ತೆ ಬಲ ಬೇಕಾಯಿತು. ಬಿಡಿಶಬ್ದವಾಗಿ ಉಳಿದಿದ್ದ ವಿಹ್ಟ್ ಎಂಬುದನ್ನೇ ಜನರು ಮತ್ತೊಮ್ಮೆ ತಂದು ಅದರ ಪಕ್ಕದಲ್ಲಿಟ್ಟರು. ಹದಿನೈದು ಹದಿನಾರನೆಯ ಶತಮಾನಗಳ ಹೊತ್ತಿಗೆ ಹಕಾರವು ಸ್ಥಾನಪಲ್ಲಟ ಹೊಂದಿ ಮೊದಲಿಗೆ ಬಂದು, ಇಂದಿನ ಬರವಣಿಗೆಯು ರೂಢವಾಯಿತು. ಹ್ವಾಟ್, ಹ್ವೈಟ್ ಮೊದಲಾದ ಶಬ್ದಗಳ ಮೊದಲಲ್ಲಿ ಹಕಾರವು ಮೂಲದಿಂದಲೇ ಇದ್ದುದು. ಇಲ್ಲಿ ಅದಕ್ಕೆ ಹಕ್ಕಿಲ್ಲ. ಹೀಗೆ ಹುಟ್ಟಿದುದು ನಾಟ್ ಎ ವಿಟ್ ಎಂಬ ನುಡಿಗಟ್ಟು. ಅದನ್ನು ಬಿಡಿಸಿ ನೋಡಿದರೆ ಒಂದೇ ಶಬ್ದವು ಎರಡು ಸಲ ಕುಳಿತಿದೆ: ಸವೆದು ಅವ್ಯಯವಾದುದು ಒಮ್ಮೆ, ಹೊಸದಾಗಿ ನಾಮಪದವಾಗಿ ಬಂದುದು ಇನ್ನೊಮ್ಮೆ. "ಪ್ರಾಣಿಯೂ ಇಲ್ಲ, ಒಂದು ಪ್ರಾಣಿಯೂ" ಎಂದಂತೆ. ಆಡುವವನಿಗೆ ಈ ಪುನರುಕ್ತಿಯ ಅರಿವಿರುವುದಿಲ್ಲ.

ಆದುದರಿಂದ ವಿಟ್ ಎಂಬುದಕ್ಕೆ ಅಲ್ಪವೆಂಬ ಅರ್ಥವು ಸ್ವಂತದ್ದಲ್ಲ, ನೆರೆಯಿಂದ ಬಂದುದು ಎಂಬುದು ನನ್ನ ಅಭಿಪ್ರಾಯ. ಶತಮಾನಗಳ ಕಾಲ ಇಲ್ಲವೆಂಬುದರ ಪಕ್ಕದಲ್ಲಿ ಕುಳಿತುದರಿಂದ, ಇಲ್ಲವೆಂದು ಹೇಳಿದಾಗ ಕೊನೆಗೆ ಉಳಿಯಬಹುದಾಗಿದ್ದ ಕನಿಷ್ಠವಸ್ತು ಎಂಬ ಭಾವವು ಅದಕ್ಕೆ ಅಂಟಿತು. ಆ ನೆರೆಯನ್ನು ಬಿಡಿಸಿದರೆ ಅರ್ಥವೂ ಬಿಟ್ಟುಹೋಗುವುದು. ಉಪ್ಪನ್ನು ಪಿಂಚ್ ಎಂಬ ಚಿಟಿಕೆಯಿಂದ ಹಾಕಬಹುದು, ಗ್ರೇನ್ ಎಂಬ ಕಾಳಿನಿಂದ ಎಣಿಸಬಹುದು, ಬಿಟ್ ಎಂಬ ಚೂರಿನಿಂದ ಸೇರಿಸಬಹುದು. ಇವು ವಸ್ತುವಿನಿಂದ ಹುಟ್ಟಿದ ಅಳತೆಗಳು. ವಿಟ್ ಅಳತೆಯೇ ಅಲ್ಲ. ಆ ಹುಡುಗನಿಗೆ ನಾನು ಹೇಳಬೇಕಾಗಿದ್ದ ಉತ್ತರವು ಇದೇ: "ಅಲ್ಲಿ ಒಂದು ನರಪಿಳ್ಳೆ ಇದ್ದಿತು" ಎಂದು ನಾವು ಹೇಳುವೆವೆ? ಹೇಳುವುದಿಲ್ಲವಷ್ಟೆ. ಹಾಗೆಯೇ ಇದು. ಮುಂದಿನ ವರ್ಷದ ತರಗತಿಯಲ್ಲಿ ಹೀಗೆಂದೇ ಹೇಳಿದೆನು. ಮತ್ತೆ ಉಪ್ಪು ಬರಲಿಲ್ಲ.

ನಮ್ಮ ಭಾಷೆಯ ಪ್ರಸ್ತಾಪ ಬಂದುದರಿಂದ, ಇಲ್ಲಿ ಒಂದು ವ್ಯತ್ಯಾಸವನ್ನೂ ಗುರುತಿಸಬೇಕು. ಎಳ್ಳಷ್ಟೂ, ಕೂದಲೆಳೆಯಷ್ಟೂ, ಹುಲ್ಲುಕಡ್ಡಿಯಷ್ಟೂ, ತೃಣಮಾತ್ರವೂ, ಲವಲೇಶವೂ, ಕಿಂಚಿತ್ತೂ, ಚೂರೂ ಎಂದು ಕನ್ನಡದಲ್ಲಿ ಇಂಥ ಶಬ್ದಗಳ ರಾಶಿಯೇ ಇದೆ. ಇಷ್ಟು ಸಮೃದ್ಧಿಯಿದ್ದರೂ ಇವುಗಳಲ್ಲಿ ಒಂದಾದರೂ ಪಾ ಎಂಬುದರಂತೆ, ನಾಟ್ ಎಂಬುದರಂತೆ, ನಿಷೇಧದ ಪಟ್ಟವನ್ನೇರಲಿಲ್ಲ. ಕಾರಣವು ಕನ್ನಡದ ನಿಷೇಧದ ಸ್ವರೂಪದಲ್ಲಿಯೇ ಇದೆಯೆಂದು ತೋರುವುದು. ನಮ್ಮ ಇಲ್ಲ, ಅಲ್ಲ ಎಂಬುವು ಇಲ್, ಅಲ್ ಎಂಬ ಮೂಲಗಳಿಂದ ಬಂದುವು. ಅವು ಹುಟ್ಟಿನಿಂದಲೇ ನಿಷೇಧಾರ್ಥಕಗಳು, ಕ್ರಿಯೆಯ ಪಂಕ್ತಿಯಲ್ಲಿ ಕುಳಿತು ವಾಕ್ಯವನ್ನು ಮುಗಿಸುವಂಥವು. ವಾಕ್ಯದ ಕೊನೆಯಲ್ಲಿ ನಿಂತು ಒತ್ತನ್ನು ಪಡೆಯುವ ಪದವು, ಕ್ರಿಯೆಯ ಹಿಂದೆ ಒತ್ತಿಲ್ಲದೆ ಅಡಗಿದ್ದ ನೆ ಎಂಬುದರಂತೆ ಸವೆದು ಬಲಗುಂದುವುದಕ್ಕೆ ಆಸ್ಪದ ಕಡಮೆ. ಹಳಗನ್ನಡದಲ್ಲಿಯಂತೂ ನಿಷೇಧಕ್ಕೆ ಬೇರೆ ಪದವೇ ಅನೇಕವೇಳೆ ಬೇಕಾಗಿರಲಿಲ್ಲ: ನೋಡೆಂ, ನೋಡಂ ಎಂಬಲ್ಲಿ ಕಾಲವನ್ನು ಸೂಚಿಸುವ ಪ್ರತ್ಯಯವಿಲ್ಲದೆ ಧಾತುವಿಗೆ ಆಖ್ಯಾತಪ್ರತ್ಯಯವು ನೇರವಾಗಿ ಸೇರಿದರೆ, ನೋಡುವುದಿಲ್ಲವೆಂಬರ್ಥವು ತಾನಾಗಿಯೇ ಬರುವುದು. ಸುಮಾರು ೧೨೬೦ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನಿಗೆ ಈ ರೂಪಗಳು ಸಹಜವಾಗಿದ್ದುವು. ಕನ್ನಡಿಗನಿಗೆ ಇಲ್ಲವೆಂಬುದನ್ನು ಇನ್ನೂ ಗಟ್ಟಿಯಾಗಿ ಹೇಳಬೇಕೆನಿಸಿದರೆ ಇಲ್ಲವೇ ಇಲ್ಲ ಎಂದು ಅದನ್ನೇ ಮತ್ತೊಮ್ಮೆ ಹೇಳುವನು.

ಇನ್ನೊಂದು ವಿಷಯ. ನಮ್ಮ ಅಲ್ಪಾರ್ಥಕಗಳಿಗೆ ನಿಷೇಧದೊಡನೆ ನಂಟನ್ನು ಕಲ್ಪಿಸುವುದು ಶಬ್ದವಲ್ಲ, ಅದರ ಕೊನೆಯ ಊಕಾರ, ಹಳಗನ್ನಡದ ಉಂ. ಚೂರು ಬೆಲ್ಲ ಕೊಡು ಎನ್ನಬಹುದು; ಚೂರೂ ಎಂದೊಡನೆ ಕೇಳುವವನು ಇಲ್ಲವೆಂಬುದನ್ನು ನಿರೀಕ್ಷಿಸತೊಡಗುವನು. ಇಂಗ್ಲಿಷಿನಲ್ಲಿ ಈ ಊಕಾರದ ಕೆಲಸಕ್ಕೆ ಪ್ರತ್ಯೇಕವಾದ ಸಾಧನವಿಲ್ಲದುದರಿಂದ ಶಬ್ದವೇ ಅದನ್ನು ಹೊರಬೇಕಾಯಿತು. ವಿಟ್ ಎಂಬುದನ್ನು ಭಾಷಾಂತರಿಸುವವರು ಲೇಶ, ಕಣ ಎಂಬ ಬರಿಯ ನಾಮಪದವನ್ನಿಟ್ಟರೆ ಸಾಲದು. ಊಕಾರವನ್ನೂ ಸೇರಿಸಿಯೇ ಇಡಬೇಕು.

ಪ್ರಯೋಗಗಳನ್ನು ಕುರಿತು ಕೆಲವು ಮಾತು. ಹ್ಯಾಮ್ಲೆಟ್ ನಾಟಕದ ಐದನೆಯ ಅಂಕದ ಎರಡನೆಯ ದೃಶ್ಯದಲ್ಲಿ, ಕತ್ತಿವರಸೆಗೆ ಮುಂಚೆ, ರಾಜಕುಮಾರನಿಗೆ ಮನಸ್ಸಿಲ್ಲದಿದ್ದರೆ ಪಂದ್ಯವನ್ನು ತಪ್ಪಿಸುವೆನೆಂದು ಹೊರೇಷಿಯೋ ಹೇಳುವನು. ಹ್ಯಾಮ್ಲೆಟ್ ಈ ನುಡಿಗಟ್ಟಿನಿಂದಲೇ ಉತ್ತರವನ್ನಾರಂಭಿಸುವನು. ಕ್ರಿಯಾಪದವಿಲ್ಲ, ಕರ್ತೃಪದವಿಲ್ಲ. ಇಲ್ಲಿ ಅದು ಪರಿಮಾಣವನ್ನೂ ಹೇಳುತ್ತಿಲ್ಲ. ನಮ್ಮ "ಸುತರಾಂ ಕೂಡದು" ಎಂಬುದಕ್ಕೆ ಸಮಾನವಾದ ತಿರಸ್ಕಾರ. ಸ್ವಲ್ಪವೂ ಇಲ್ಲ ಎಂದು ಅದನ್ನು ಭಾಷಾಂತರಿಸಿದರೆ ಶಕುನಗಳನ್ನು ಧಿಕ್ಕರಿಸುವ ಆ ಸಂದರ್ಭದ ಬಿಗಿ ಸಡಿಲವಾಗುವುದು. ತರತಮಭಾವದೊಡನೆಯೂ ಈ ಶಬ್ದ ಹೆಚ್ಚಾಗಿ ಬರುವುದು: ಇದಕ್ಕಿಂತ ಅದು ಒಂದು ವಿಟ್ ಮೇಲಲ್ಲ, ಒಂದು ವಿಟ್ ಕಡಮೆಯಲ್ಲ ಎಂಬಂತೆ. ೧೬೧೧ರ ಇಂಗ್ಲಿಷು ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಇಂಥ ಪ್ರಯೋಗವಿದೆ.

ಹೀಗಿರುವಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಆ ಬೈಬಲಿನಲ್ಲಿಯೇ ಎವ್ರಿ ವಿಟ್ ಎಂಬ, ನಿಷೇಧವಿಲ್ಲದ ಪ್ರಯೋಗವೂ ಇದೆಯಲ್ಲವೆ? ಇದೆ. ಬಾಲಕನಾದ ಸಮುವೇಲನು ಏಲಿಗೆ ತಾನು ಕೇಳಿದುದೆಲ್ಲವನ್ನೂ ಮುಚ್ಚದೆ ತಿಳಿಸಿದನೆಂಬಲ್ಲಿಯೂ, ಯೋಹಾನನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ ಪಾದ ತೊಳೆಯುವ ಸಂದರ್ಭದಲ್ಲಿಯೂ ಅದನ್ನು ಕಾಣಬಹುದು. ಆದರೆ ಇಲ್ಲಿಯೂ ವಿಟ್ ಎಂಬುದು ಸ್ವಲ್ಪವಲ್ಲ. ಪ್ರತಿಯೊಂದು ಕಣವೂ ಸೇರಿ ಸಮಸ್ತವಾಗುವುದು. ಒಂದೂ ಇಲ್ಲ, ಒಂದೂ ಬಿಡದೆ ಎಂಬ ಎರಡು ತುದಿಗಳಲ್ಲಿ ಮಾತ್ರ ಈ ಶಬ್ದವು ನಿಲ್ಲಬಲ್ಲುದು. ನಡುವಣ ಅಲ್ಪಸ್ವಲ್ಪದಲ್ಲಿ ಅದಕ್ಕೆ ನೆಲೆಯಿಲ್ಲ. ನಮ್ಮ ಊಕಾರವೂ ಹೀಗೆಯೇ, ಯಾರೂ ಇಲ್ಲ ಎಂಬಲ್ಲಿಯೂ ಎಲ್ಲರೂ ಬಂದರು ಎಂಬಲ್ಲಿಯೂ ಕೆಲಸ ಮಾಡುವುದನ್ನು ವಾಚಕರು ಹೋಲಿಸಿ ನೋಡಬಹುದು.

ಈ ಶಬ್ದದ ಸೋದರರಾದ ದೀರ್ಘರೂಪಗಳ ಗತಿಯೂ ವಿನೋದಕರವಾದುದು. ಏನೂ ಇಲ್ಲದವನು ಎಂಬರ್ಥದಲ್ಲಿ ಹದಿನಾಲ್ಕನೆಯ ಶತಮಾನದಲ್ಲಿ ಹುಟ್ಟಿದ ನಾಟಿ ಎಂಬ ವಿಶೇಷಣವು, ದರಿದ್ರನಿಂದ ದುಷ್ಟನಿಗೆ ಇಳಿದು, ಈಗ ತುಂಟಮಕ್ಕಳ ಮೇಲೆ ಉಳಿದುಕೊಂಡಿದೆ. ಏನಾದರೂ ಎಂಬರ್ಥದ ಆಟ್ ಎಂಬುದಕ್ಕೆ ಒದಗಿದ ವಿಧಿ ಇನ್ನೂ ವಿಚಿತ್ರ. ಎ ನಾಟ್ ಎಂಬುದನ್ನು ಆ್ಯನ್ ಆಟ್ ಎಂದು ತಪ್ಪಾಗಿ ಬಿಡಿಸಿದುದರಿಂದ, ವಸ್ತುವಿದೆಯೆಂದು ಹೇಳಲು ಹುಟ್ಟಿದ ಶಬ್ದಕ್ಕೇ ಸೊನ್ನೆಯೆಂಬ ಅರ್ಥ ಬಂದಿತು.

ಸಮಾನಧ್ವನಿಯಿಂದ ಮೋಸಹೋಗದಿರಲು ಒಂದೆರಡು ಎಚ್ಚರಿಕೆ ಅಗತ್ಯ. ಬುದ್ಧಿ, ಚಾತುರ್ಯ ಎಂಬರ್ಥದ, ಎಚ್ ಇಲ್ಲದ ವಿಟ್ ಎಂಬುದು ಬೇರೆ ಶಬ್ದ. ಅದು ಸಂಸ್ಕೃತದ ವಿದ್ ಧಾತುವಿನ ಜ್ಞಾತಿ, ನಮ್ಮ ವಿದ್ಯೆ ವೇದಗಳ ದೂರದ ಬಂಧು. ಕ್ರೈಸ್ತರ ವಿಟ್ ಸಂಡೇ ಎಂಬ ಹಬ್ಬದ ಹೆಸರು ಬಿಳುಪೆಂಬರ್ಥದ ಶಬ್ದದಿಂದ ಆದುದು. ಇಂಗ್ಲೆಂಡಿನ ದಕ್ಷಿಣದಲ್ಲಿರುವ ವೈಟ್ ದ್ವೀಪಕ್ಕೂ ಪ್ರಾಣಿವಾಚಕವಾದ ವೈಟ್‌ಗೂ ಸಂಬಂಧವಿಲ್ಲ. ರೋಮನರು ಅದನ್ನು ವೆಕ್ಟಿಸ್ ಎಂದು ಕರೆಯುತ್ತಿದ್ದರು.

ಇಂದಿನ ಆಡುಮಾತಿನ ಇಂಗ್ಲಿಷಿನಲ್ಲಿ ನಾಟ್ ಎ ಬಿಟ್ ಎಂಬುದೇ ಹೆಚ್ಚು ಕೇಳಿಬರುವುದು; ವಿಟ್ ಎಂಬುದು ಲೇಖನದ ಭಾಷೆಗೆ ಸರಿದಿದೆ. ಬಿಟ್ ಎಂಬುದು ನಿಷೇಧದ ಹೊರಗೂ ಸ್ವತಂತ್ರವಾಗಿ ಬಾಳಬಲ್ಲ ಶಬ್ದವಾದುದರಿಂದ ಎರಡನ್ನೂ ಪರ್ಯಾಯಗಳೆಂದು ಪಾಠದ ಟಿಪ್ಪಣಿಯಲ್ಲಿ ಬರೆಯಿಸುವುದು ಸರಿಯಲ್ಲ. ಟಿಪ್ಪಣಿಯಲ್ಲಿ ನಾನು ಈಗ ವಿಟ್ ಎಂಬುದನ್ನು ಒಂಟಿಯಾಗಿ ಬರೆಯಿಸುವುದನ್ನೇ ಬಿಟ್ಟಿದ್ದೇನೆ. ನಾಟ್ ಎ ವಿಟ್ ಎಂಬುದಕ್ಕೆ ಎದುರಾಗಿ "ಎಳ್ಳಷ್ಟೂ ಇಲ್ಲ" ಎಂದೂ, ಎವ್ರಿ ವಿಟ್ ಎಂಬುದಕ್ಕೆ ಎದುರಾಗಿ "ಎಳ್ಳಷ್ಟೂ ಬಿಡದೆ" ಎಂದೂ ಇಡಿಯಾಗಿಯೇ ಬರೆಯಿಸುವೆನು.